ಸಂಗಮನಾಥನ ಕೈ, ನಾಗರತ್ನಾಳ ಎಮ್ಮೆ

ಕೆಂಭಾವಿಯ ಗಿರಣಿ ಸಂಗಮನಾಥನಿಗೆ ಎಲ್ಲರ ಹಾಗೆ ಎರಡೇ ಕೈ ಇದ್ದವು. ಅವನ ಹೆಂಡತಿ ನಾಗರತ್ನಾಳನ್ನು ಕೇಳಿದರೆ ಆ ಎರಡೂ ಹೆಚ್ಚೇ.

ಮೊದಲಿನಿಂದ ಆ ಕೈಗಳು ಹೀಗಿರಲಿಲ್ಲ, ಅದನ್ನು ನ್ಯಾಯವಾಗಿ ಹೇಳಬೇಕು. ಹಿಟ್ಟಿನ ಗಿರಣಿ ಶುರುವಾಯಿತೆಂದರೆ ಬಾಯಿಮಾತು ಯಾರಿಗೂ ಕೇಳಿಸುವುದಿಲ್ಲ, ಅಲ್ಲಿ ಎಲ್ಲ ವ್ಯವಹಾರವೂ ಕೈಸನ್ನೆಯಲ್ಲೇ ನಡೆಯಬೇಕು. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ 'ಸಣ್ಣಗೆ ಬೀಸಲೋ, ದಪ್ಪಗೋ' ಎಂದರ್ಥ. ಅಂಗೈ ಆಡಿಸಿದರೆ 'ಆಮೇಲೆ ಬಾ'. ಮುಷ್ಟಿ ತೋರಿಸಿದರೆ 'ಕರೆಂಟು ಹೋಗುವ ಹೊತ್ತು, ತಲೆ ತಿನ್ನಬೇಡ'. ಈ ಭಾಷೆ ಊರಿಗೆಲ್ಲ ಗೊತ್ತಿತ್ತು, ಊರು ನೆಮ್ಮದಿಯಿಂದ ರೊಟ್ಟಿ ತಿನ್ನುತ್ತಿತ್ತು.

ಆಮೇಲೆ ಅವನಿಗೆ ಸೊಂಟ ಹಿಡಿಯಿತು. ಡಾಕ್ಟರು ಮಲಗು ಎಂದರು, ಮಲಗಿದ. ಮಲಗಿದವನ ಎದುರಿಗೆ ಟಿವಿ ಇತ್ತು. ವರ್ಷಗಟ್ಟಲೆ ಗಿರಣಿಯ ಸದ್ದು ಕೇಳಿ ಅರ್ಧ ಮಂದವಾಗಿದ್ದ ಅವನ ಕಿವಿಗೆ ಸೀರಿಯಲ್ಲಿನ ಮಾತು ಸರಿಯಾಗಿ ಬೀಳುತ್ತಿರಲಿಲ್ಲ. ಹಾಗಾಗಿ ಅವನು ಕೈಗಳನ್ನು ನೋಡಿದ. ಎದೆಯ ಮೇಲೆ ಬರುವ ಕೈ, ಗಾಳಿಯನ್ನು ಕಡಿಯುವ ಕೈ, ಹಣೆಗೆ ಹೋಗಿ ಅಲ್ಲೇ ನಿಲ್ಲುವ ಕೈ. ಯಾರಾದರೂ ದೊಡ್ಡ ಸುದ್ದಿ ಹೇಳಿದರೆ ಅವರಿಗೆ ಬೆನ್ನು ಮಾಡಿ, ಮೂರು ಹೆಜ್ಜೆ ನಡೆದು, ದೂರ ನೋಡುತ್ತ ಹಿನ್ನೆಲೆ ಸಂಗೀತ ಮುಗಿಯುವವರೆಗೆ ನಿಲ್ಲುವ ಬೆನ್ನು. ಸೊಂಟ ವಾಸಿಯಾಗುವ ಹೊತ್ತಿಗೆ ಸಂಗಮನಾಥ ಬೇರೆಯೇ ಮನುಷ್ಯನಾಗಿದ್ದ, ಅಥವಾ ಕನಿಷ್ಠ ಬೇರೆ ಕೈಯವನಾಗಿದ್ದ.

"ಸಾರಿಗೆ ಉಪ್ಪು ಸಾಕಾಗ್ಯಾದೇನ್ರಿ?" ಎಂದು ನಾಗರತ್ನಾ ಕೇಳುತ್ತಿದ್ದಳು. ಅವನು ಕಣ್ಣು ಮುಚ್ಚಿ, ಎದೆಗೆ ಕೈ ತಂದು, ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದ. ಉಪ್ಪು ಕಮ್ಮಿಯೋ ಹೆಚ್ಚೋ ಎದೆನೋವೋ ಎಂದು ತಿಳಿಯುವಷ್ಟರಲ್ಲಿ ಸಾರು ಆರಿರುತ್ತಿತ್ತು. ಅವಳು ಕೇಳುವುದನ್ನೇ ಬಿಟ್ಟಳು. ಗಿರಣಿಯಲ್ಲೂ ಅದೇ ಕಥೆ. ಜೋಳದ ಬುಟ್ಟಿ ತಂದ ಸಾವಿತ್ರಿಬಾಯಿ ಯಾವಾಗ ಬರಲಿ ಎಂದು ಸನ್ನೆ ಮಾಡಿದಾಗ ಅವನು ಬೆನ್ನು ತಿರುಗಿಸಿ, ತಿರುಗುವ ಬೆಲ್ಟನ್ನು ನೋಡುತ್ತ ನಿಂತುಬಿಟ್ಟ. ಆಕೆ ತನ್ನಿಂದ ಏನು ತಪ್ಪಾಯಿತೋ ಎಂದು ಹೆದರಿ, ಬುಟ್ಟಿ ಹೊತ್ತುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಗಿರಣಿಗೆ ಹೋದಳು.

ಇಂಥವನ ಕೈಗೆ ನಾಗರತ್ನಾ ಎಮ್ಮೆಯ ಹಗ್ಗ ಕೊಟ್ಟಳು. ಬೇರೆ ದಾರಿ ಇರಲಿಲ್ಲ, ಅವಳಿಗೆ ಅಂದು ಜ್ವರ. ಆ ಎಮ್ಮೆ ಅವಳ ತವರಿನದು. ದೋರನಹಳ್ಳಿಯಲ್ಲಿ ಅವಳ ಅಪ್ಪ ದನದ ವ್ಯಾಪಾರ ಮಾಡುತ್ತಿದ್ದ, ಸಾಯುವ ಮುಂಚೆ ಮಗಳಿಗೆಂದು ಆರಿಸಿ ಕೊಟ್ಟ ಕೊನೆಯ ಕರು ಅದು. ಮನೆಯ ಹಾಲು, ಪಕ್ಕದ ಮನೆಗಳಿಗೆ ಮಾರುವ ಹಾಲು, ಮುಖ ನೋಡಿ ಮನಸ್ಸು ಹಗುರ ಮಾಡಿಕೊಳ್ಳುವುದು, ಅವಳಿಗೆ ಎಲ್ಲ ಅದರಿಂದಲೇ.

"ದನದ ದವಾಖಾನಿಗೆ ಹೊಡಕೊಂಡು ಹೋಗ್ರಿ. ಗಬ್ಬ ನಿಂತಾದೋ ಇಲ್ಲೋ ನೋಡ್ಸಿಕೊಂಡು ಬರ್ರಿ. ಡಾಕ್ಟ್ರ ಕೂಡ ಬಾಯಿಲೆ ಮಾತಾಡ್ರಿ" ಎಂದಳು.

ಸಂಗಮನಾಥ ಅಭಯ ಹಸ್ತ ತೋರಿಸಿದ. ನಾಗರತ್ನಾ ಗೋಡೆಗೆ ಮುಖ ಮಾಡಿ ಮಲಗಿದಳು.

ಅವತ್ತು ಸಂತೆ. ದವಾಖಾನೆಗೆ ಹೋಗುವ ದಾರಿ ದನದ ಸಂತೆಯ ನಡುವೆಯೇ ಹಾಯ್ದು ಹೋಗುತ್ತದೆ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನು, ಕೊಳ್ಳುವವನು ಕೈ ಕೈ ಹಿಡಿಯುತ್ತಾರೆ, ಮೇಲೊಂದು ಟವೆಲ್ ಬೀಳುತ್ತದೆ. ಅದರ ಕೆಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಒಂದು ಬೆರಳು ಬಿಟ್ಟರೆ ಬೆಲೆ ಇಳಿಯಿತು. ಎದುರಿನವನು ಗಟ್ಟಿಯಾಗಿ ಅದುಮಿದರೆ ಒಪ್ಪಿಗೆ. ಸುತ್ತ ನಿಂತ ನೂರು ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಇದು ಕೆಂಭಾವಿಯಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಸಂಗಮನಾಥನಿಗೂ ಗೊತ್ತಿತ್ತು, ಸೊಂಟ ಹಿಡಿಯುವವರೆಗೆ.

ಸಂತೆಯ ಬೇವಿನ ಮರದ ಕೆಳಗೆ ದಲಾಲ ಮಸ್ತಾನಸಾಬ ಸಿಕ್ಕ. ಅವನ ಪಕ್ಕ ಗೋಗಿ ಊರಿನ ಲಿಂಗಣ್ಣ ಎಂಬ ರೈತ ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ಬಾಡಿದ ಮುಖದಲ್ಲಿ ನಿಂತಿದ್ದ.

"ಪಾಪ, ಇವರ ಎಮ್ಮಿ ಹ್ವಾದ ವಾರ ಹಾವು ಕಡದು ಸತ್ತೋತು" ಎಂದ ಮಸ್ತಾನಸಾಬ. "ಮನ್ಯಾಗ ಹೆಣ್ಣಮಗಳು ಊಟ ಬಿಟ್ಟಾಳ. ಒಂದು ಛಲೋ ಎಮ್ಮಿ ಕೊಡ್ಸು ಅಂತ ಬಂದಾರ."

ಇದು ದೊಡ್ಡ ಸುದ್ದಿ. ಇದಕ್ಕೆ ತಕ್ಕ ಕೈ ಬೇಕು. ಸಂಗಮನಾಥ ಎಮ್ಮೆಯ ಹಗ್ಗವನ್ನು ಮೊಣಕೈಗೆ ಸಿಕ್ಕಿಸಿಕೊಂಡು ಮುಂದೆ ಬಂದ. ಲಿಂಗಣ್ಣನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ. ಬಗ್ಗಿದ ರಭಸಕ್ಕೆ ಹೆಗಲ ಮೇಲಿದ್ದ ಟವೆಲ್ ಜಾರಿ ಆ ಕೈಗಳ ಮೇಲೆ ಬಿತ್ತು. ಅವನು ಕಣ್ಣು ಮುಚ್ಚಿ, ತಲೆ ಆಡಿಸಿದ.

ಲಿಂಗಣ್ಣ ಬೆಚ್ಚಿ ಮಸ್ತಾನಸಾಬನ ಮುಖ ನೋಡಿದ. ಮಸ್ತಾನಸಾಬ ಹುಬ್ಬೇರಿಸಿ ಎಮ್ಮೆಯನ್ನು ನೋಡಿದ. ದುಂಡಗೆ ಮಿರುಗುವ ಎಮ್ಮೆ. ಐದೂ ಬೆರಳು ಹಿಡಿದಿದ್ದಾನೆ ಮಾಲೀಕ, ಬೆಲೆ ಹೆಚ್ಚಾಯಿತು, ಆದರೆ ಅನ್ಯಾಯವಲ್ಲ.

ಇನ್ನು ಕೈ ಬಿಡಬೇಕಲ್ಲ. ಹಾಗೆ ಸುಮ್ಮನೆ ಬಿಡುವುದು ಗಿರಣಿಯವರ ಪದ್ಧತಿ. ಸೀರಿಯಲ್ಲಿನಲ್ಲಿ ಅಣ್ಣ ಊರು ಬಿಟ್ಟು ಹೊರಡುವಾಗ ತಮ್ಮನ ಕೈಯಿಂದ ಬೆರಳುಗಳು ಒಂದೊಂದಾಗಿ ಜಾರುತ್ತವೆ, ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ. ಸಂಗಮನಾಥ ಅದನ್ನು ಮಾಡಿದ. ಹೆಬ್ಬೆರಳು ಬಿಟ್ಟ. ಲಿಂಗಣ್ಣನ ಬಾಯಿ ತೆರೆಯಿತು. ಇನ್ನೊಂದು ಬೆರಳು ಬಿಟ್ಟ. ಲಿಂಗಣ್ಣ ಉಗುಳು ನುಂಗಿದ. ತಾನು ಒಂದು ಮಾತೂ ಆಡಿಲ್ಲ, ಒಂದು ಬೆರಳೂ ಅದುಮಿಲ್ಲ, ಮಾಲೀಕ ತಾನೇ ತನ್ನ ಎಮ್ಮೆಯ ಬೆಲೆ ಇಳಿಸುತ್ತಿದ್ದಾನೆ, ಅದೂ ಕಣ್ಣು ಮುಚ್ಚಿಕೊಂಡು. ಮೂರನೆಯದೂ ಜಾರಿತು. ಉಳಿದದ್ದು ಎರಡೇ ಬೆರಳು. ಆ ಬೆಲೆಗೆ ಸಂತೆಯಲ್ಲಿ ಮುದಿ ಕೋಣವೂ ಸಿಗುವುದಿಲ್ಲ. ಲಿಂಗಣ್ಣ ಆ ಎರಡನ್ನೂ ಗಟ್ಟಿಯಾಗಿ ಅದುಮಿ ಹಿಡಿದುಬಿಟ್ಟ.

ಎಷ್ಟು ನೊಂದಿದ್ದಾನೆ ಪಾಪ, ಎಂದುಕೊಂಡ ಸಂಗಮನಾಥ. ಕೈ ಬಿಡಿಸಿಕೊಂಡು, ಬೆನ್ನು ಮಾಡಿ, ಮೂರು ಹೆಜ್ಜೆ ನಡೆದು, ದೂರದ ನೀರಿನ ಟಾಕಿಯನ್ನು ನೋಡುತ್ತ ನಿಂತ. ತಲೆಯೊಳಗೆ ಸಂಗೀತ ಶುರುವಾಯಿತು. ಯಾರೋ ಮೊಣಕೈಯಿಂದ ಹಗ್ಗ ತೆಗೆದದ್ದು, ಅಂಗಿಯ ಜೇಬಿನಲ್ಲಿ ಏನೋ ತುರುಕಿದ್ದು, ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಏನೋ ಇಟ್ಟಿದ್ದು ಎಲ್ಲ ಅವನ ಗಮನಕ್ಕೆ ಬಂತು. ಆದರೆ ದುಃಖದ ನಡುವೆ ಜೇಬು ತಡವಿಕೊಳ್ಳುವ ನಾಯಕನನ್ನು ಅವನು ಯಾವ ಚಾನೆಲ್ಲಿನಲ್ಲೂ ನೋಡಿರಲಿಲ್ಲ.

ಸಂಗೀತ ಮುಗಿದ ಮೇಲೆ ತಿರುಗಿದ. ಲಿಂಗಣ್ಣ ಇರಲಿಲ್ಲ, ಎಮ್ಮೆ ಇರಲಿಲ್ಲ. ಜೇಬಿನಲ್ಲಿ ನೋಟಿದ್ದವು. ಹೆಗಲ ಮೇಲೆ ಎಮ್ಮೆಯ ಹಳೇ ಹಗ್ಗ ಇತ್ತು. ಮಾರಿದವನು ತನ್ನ ಹಗ್ಗ ತಾನೇ ಇಟ್ಟುಕೊಳ್ಳಬೇಕು, ಕೊಂಡವನು ತನ್ನ ಹಗ್ಗ ಹಾಕಿ ಒಯ್ಯಬೇಕು, ಅದು ಸಂತೆಯ ರಿವಾಜು.

"ಎಮ್ಮಿ ಎಲ್ಲಿ?" ಎಂದ ಸಂಗಮನಾಥ. ಬಹಳ ದಿನಗಳ ಮೇಲೆ ಅವನ ಬಾಯಿಂದ ಸೀದಾ ಮಾತು ಬಂದದ್ದು ಅದೇ.

"ಗೂಡ್ಸ್ ಗಾಡ್ಯಾಗ ಹೋತು. ಈಗ ಊರು ದಾಟಿರ್ತದ" ಎಂದ ಮಸ್ತಾನಸಾಬ. "ಸಂಗಣ್ಣ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಯಾಕ ಅಷ್ಟು ಕಮ್ಮಿಗಿ ಕೊಟ್ಟಿ? ಎಮ್ಮಿಗಿ ಏನರ ರೋಗ ಅದನ?"

ಸಂಗಮನಾಥ ನೆಲಕ್ಕೆ ಕೂತ. ಕೂತು ಎಲ್ಲ ಹೇಳಿದ. ಮಸ್ತಾನಸಾಬ ಪೂರ್ತಿ ಕೇಳಿದ, ಟೋಪಿ ತೆಗೆದು ತಲೆ ತುರಿಸಿಕೊಂಡ.

"ಬಾಯಿಲೆ ಆಡಿದ್ದಾದ್ರ ತಪ್ಪಾತು ಅಂತ ಹೇಳಬಹುದಿತ್ತು. ಟವೆಲ್ ತೆಳಗ ಆದ ಸೌದಾ ನಾ ಮುರದ್ರ, ನಾಳಿಗಿ ನನ್ನ ಕೈ ಯಾರ ಹಿಡೀತಾರ? ನಂದು ಇದ ರೋಟಿ ಅದಪ್ಪ" ಎಂದು ಮುಂದಿನ ಗಿರಾಕಿಯ ಕಡೆ ನಡೆದ.

ಮನೆಯಲ್ಲಿ ನಾಗರತ್ನಾ ಹೆಗಲ ಮೇಲಿನ ಹಗ್ಗ ನೋಡಿದಳು. ಹಗ್ಗದ ತುದಿ ನೋಡಿದಳು. ಹಾಸಿಗೆ ಮಡಚಿ ಮೂಲೆಗಿಟ್ಟು, ಖಾಲಿ ಗೂಟದ ಹತ್ತಿರ ಹೋಗಿ ಕೂತಳು. ಹೀಗೆ ಕೂತವಳ ಮುಂದೆ ಯಾವ ಕೈ ಮಾಡಬೇಕೆಂದು ಸಂಗಮನಾಥನಿಗೆ ಹೊಳೆಯಲಿಲ್ಲ. ಒಂದನ್ನು ಹಣೆಗೆ ಒಯ್ದ.

"ಅದನ್ನ ಕೆಳಗ ಇಳಸ್ರಿ" ಎಂದಳು ಅವಳು, ತಲೆ ಎತ್ತದೆ.

ಗೋಡೆಯ ಆಚೆಯಿಂದ ಖುರ್ಷೀದಬೇಗಂ ಮುಖ ತೋರಿಸಿದಳು. ಅವರ ಮನೆಯ ಬೆಳಗಿನ ಚಹಾ ಈ ಎಮ್ಮೆಯನ್ನೇ ನಂಬಿತ್ತು. "ನಾಗಮ್ಮ, ಎಮ್ಮಿ ಮಾರೀರಂತಲ್ಲ, ಖರೇ ಏನ? ಹೇಳಿದ್ರ ನಾವ ತಗೋತಿದ್ದಿವಲ್ಲ. ಸಂತ್ಯಾಗ ಎಲ್ಲಾರೂ ಅನ್ನಾಕತ್ತಾರ, ಗಿರಣಿ ಸಂಗಣ್ಣಗ ದೊಡ್ಡ ಸಾಲ ಆಗ್ಯಾದ, ಅಳಕೋತ ಮಾರ್ಯಾನ ಅಂತ."

ಸಂಜೆಯೊಳಗೆ ಆ ಸಾಲಕ್ಕೆ ಇಸ್ಪೀಟು ಸೇರಿತು. ಇಸ್ಪೀಟಿಗೆ ಸುರಪುರದಲ್ಲೊಬ್ಬ ಹೆಂಗಸು ಸೇರಿದಳು. ಸಂಗಮನಾಥ ಸುರಪುರಕ್ಕೆ ಹೋಗಿ ವರ್ಷವಾಗಿತ್ತು, ಅದೂ ಗಿರಣಿಯ ಬೆಲ್ಟು ತರಲು.

ಅವನು ತಾನಾಗಿ ಪೊಲೀಸ್ ಠಾಣೆಗೆ ಹೋದ. ಅಲ್ಲಿ ಬಂದೋಬಸ್ತಿನ ಡ್ಯೂಟಿ ಮುಗಿಸಿ ಬಂದು ಬೂಟು ಸಡಿಲಿಸಿ ಕೂತಿದ್ದ ಹವಾಲ್ದಾರರು ಶಾಂತವಾಗಿಯೇ ಕೇಳಿಸಿಕೊಂಡರು.

"ಕೈ ಹಿಡಿದಿದ್ದಕ್ಕ ಎಮ್ಮಿ ಹೋತು ಅಂತೀರಿ. ಅದು ಹೆಂಗ?"

"ಹಿಂಗ್ರಿ" ಎಂದ ಸಂಗಮನಾಥ. ಮೇಜಿನ ಮೇಲಿದ್ದ ಹವಾಲ್ದಾರರ ಕೈ ಹಿಡಿದು, ಟವೆಲ್ ಹೊದಿಸಿ, ಕಣ್ಣು ಮುಚ್ಚಿ ಬೆರಳು ಜಾರಿಸಲು ಶುರುಮಾಡಿದ. ಬಾಗಿಲಲ್ಲಿ ಕಾಯುತ್ತಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಅವರಲ್ಲೊಬ್ಬ ಮೊಬೈಲು ಹೊರತೆಗೆದ.

"ಏ ಮಾರಾಯ, ಟವೆಲ್ ತಗಿ. ಮೊದಲ ಟವೆಲ್ ತಗಿ" ಎಂದು ಹವಾಲ್ದಾರರು ಎದ್ದು ನಿಂತು, ಎರಡೂ ಅಂಗೈ ಬಾಗಿಲ ಕಡೆ ಎತ್ತಿ ತೋರಿಸಿದರು. "ನೋಡ್ರಿ, ಏನೂ ಇಲ್ಲ. ಎಲ್ಲಾರೂ ನೋಡ್ರಿ. ಇವರು ಏನೂ ಕೊಟ್ಟಿಲ್ಲ, ನಾ ಏನೂ ತಗೊಂಡಿಲ್ಲ." ಆಮೇಲೆ ಸುಸ್ತಾಗಿ ಕೂತು, "ನನ್ನ ರಿಟೈರ್‌ಮೆಂಟ್ ಹತ್ರ ಬಂದದಪ್ಪ. ನೀ ಮನಿಗಿ ಹೋಗು" ಎಂದರು.

ಮನೆಗೆ ಬರುವಷ್ಟರಲ್ಲಿ ದೋರನಹಳ್ಳಿಯಿಂದ ಅತ್ತೆ ಗೊಲ್ಲಾಳಮ್ಮ ಬಂದು ಕೂತಿದ್ದಳು. ರೊಟ್ಟಿ ಗಂಟು ಕಟ್ಟಿಕೊಂಡು ಬಂದಿದ್ದಳು, ಸತ್ತವರ ಮನೆಗೆ ತರುವ ಹಾಗೆ. ಅಳಿಯನನ್ನು ಮೇಲಿಂದ ಕೆಳಗೆ ನೋಡಿದಳು.

"ಇರ್ಲಿ ಬಿಡ್ರಿ" ಎಂದಳು. "ಎಮ್ಮಿ ಒಂದ ಹೋಗ್ಯಾದ. ನನ್ನ ಮಗಳನ್ನ ಸಂತಿಗಿ ಕರಕೊಂಡು ಹೋಗಿದ್ದಿಲ್ಲಲ್ಲ, ಅದ ದೊಡ್ಡದು."

ಸಂಗಮನಾಥನಿಗೆ ಸಿಟ್ಟು ಬರಲಿಲ್ಲ. ಆ ಮಾತು ಸರಿ ಇದೆ ಅನ್ನಿಸಿತು, ಅದಕ್ಕೇ ಹೆಚ್ಚು ನೋವಾಯಿತು. ಅವನು ಹೋಗಿ ಟಿವಿಯ ವೈರು ಕಿತ್ತಿಟ್ಟ. ಅದನ್ನು ಯಾರೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಮಸ್ತಾನಸಾಬ ತಾನಾಗಿಯೇ ಬಂದ. ಅವನಿಗೂ ನಿದ್ದೆ ಬಂದಿರಲಿಲ್ಲ. "ಒಂದ ದಾರಿ ಅದ" ಎಂದ. "ಸೌದಾ ಮಾಡಿದ ಕೈನ ತಿರುಗಿ ಸೌದಾ ಮಾಡಬೇಕು. ಅದ ಎಮ್ಮಿ, ಅದ ಟವೆಲ್, ಲಿಂಗಣ್ಣ ಖುಷಿಲೆ ಒಪ್ಪಿದ್ರ ಮಾತ್ರ. ಬ್ಯಾರೆಯವ್ರ ಕೈ ನಡಿಯಂಗಿಲ್ಲ. ಸಂಗಣ್ಣಂದ ಬೇಕು."

ಎಲ್ಲರೂ ಸಂಗಮನಾಥನ ಕೈಗಳನ್ನು ನೋಡಿದರು. ಯಾರ ಮುಖದಲ್ಲೂ ಭರವಸೆ ಕಾಣಲಿಲ್ಲ.

ನಾಗರತ್ನಾ ಜ್ವರದಲ್ಲೇ ಹೊರಟಳು. "ಗೋಗಿ ಮುಟ್ಟಿ ಟವೆಲ್ ಬೀಳೋತನ ಕೈ ಪ್ಯಾಂಟಿನ ಜೇಬಿನ್ಯಾಗ ಇರ್ಲಿ" ಎಂದು ಗಂಡನಿಗೆ ಕಟ್ಟಪ್ಪಣೆ ಮಾಡಿದಳು. ಅವನು ಆ ಮಾತು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ರಸ್ತೆಗೆ ಮುಂದೆ ನಿಂತವನು ಅವನೇ ಆದ್ದರಿಂದ ಗೋಗಿಗೆ ಹೋಗುವ ಎರಡು ಆಟೋ ನಿಲ್ಲದೆ ಹೋದವು. ಮೂರನೆಯದಕ್ಕೆ ನಾಗರತ್ನಾಳೇ ಕೈ ಮಾಡಿದಳು.

ಲಿಂಗಣ್ಣನ ಮನೆ ಮುಂದೆ ಎಮ್ಮೆ ಹೊಸ ಹಗ್ಗದಲ್ಲಿ ನಿಂತಿತ್ತು. ಹಣೆಗೆ ಕುಂಕುಮ ಹಚ್ಚಿದ್ದರು. ಲಿಂಗಣ್ಣನ ಹೆಂಡತಿ ಮರಿಲಿಂಗಮ್ಮ ಅದರ ಮುಂದೆ ಕೂತು ಒಂದೊಂದೇ ಹಿಡಿ ಹಸಿ ಮೇವು ಕೊಡುತ್ತಿದ್ದಳು. ನಾಗರತ್ನಾಳನ್ನು ನೋಡಿ ಎಮ್ಮೆ ಒದರಿತು. ಮರಿಲಿಂಗಮ್ಮನ ಕೈ ಹಾಗೇ ನಿಂತಿತು, ಯಾರು ಬಂದಿದ್ದಾರೆಂದು ಆಕೆಗೆ ಯಾರೂ ಹೇಳಬೇಕಾಗಲಿಲ್ಲ.

ಲಿಂಗಣ್ಣ ಕಂಬಳಿ ಹಾಸಿ ಕೂಡಿಸಿದ. ಮಸ್ತಾನಸಾಬ ಮಾತು ಶುರು ಮಾಡುವ ಮೊದಲೇ ತಾನು ಮಾತಾಡಿದ.

"ನೀವು ಬರ್ತೀರಿ ಅಂತ ಗೊತ್ತಿತ್ರಿ. ಒಂದು ಹೇಳ್ತೀನಿ, ಕೇಳ್ರಿ. ನಮ್ಮ ಎಮ್ಮಿ ಸತ್ತಾಗ ಬಂದವ್ರೆಲ್ಲ ಎಷ್ಟಕ್ಕ ತಂದಿದ್ದಿ, ಇನ್ಸುರೆನ್ಸ್ ಮಾಡ್ಸಿದ್ದೇನು, ಇದ ಕೇಳಿದ್ರು. ಕೈ ಹಿಡದು ಸುಮ್ಮ ನಿಂತವ್ರು ಇವರು ಒಬ್ಬರೇ. ಎರಡನೇ ಬೆರಳು ಬಿಟ್ಟಾಗನ ನನಗ ತಿಳದಿತ್ತು, ಈ ಮನಷ್ಯಾ ಸೌದಾ ಮಾಡಾಕತ್ತಿಲ್ಲ, ನನ್ನ ದುಃಖಕ್ಕ ಅಳಾಕತ್ತಾನ ಅಂತ. ತಿಳದೂ ತಿಳದೂ ಹಿಡಕೊಂಡು ಬಂದೆ. ಅವಾಗಿಂದ ಅನ್ನ ಗಂಟಲಾಗ ಇಳೀವಲ್ದು."

ಸಂಗಮನಾಥನ ಕಿವಿ ಕೆಂಪಾದವು. ಆ ಕೈಯಲ್ಲಿ ದುಃಖ ಇರಲೇ ಇಲ್ಲ, ಅದು ಹಿಂದಿನ ವಾರದ ಸೀರಿಯಲ್ ಎಂದು ಈ ಮನುಷ್ಯನಿಗೆ ಹೇಗೆ ಹೇಳುವುದು? ನಾಚಿಕೆಯಿಂದ ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಜೇಬಿನೊಳಗೆ ಕೈಗಳು ಬೆವರಿದವು.

"ಇನ್ನೊಂದು ಅದರಿ" ಎಂದ ಲಿಂಗಣ್ಣ. "ಮುಂಜಾನಿ ನಮ್ಮೂರ ದನದ ಡಾಕ್ಟ್ರು ನೋಡಿದ್ರು. ಎಮ್ಮಿ ಗಬ್ಬ ನಿಂತಾದ. ಮುಚ್ಚಿಡಬಾರದಲ್ರಿ."

ಮಸ್ತಾನಸಾಬ ಕಣ್ಣು ಮುಚ್ಚಿಕೊಂಡ. ಗಬ್ಬದ ಎಮ್ಮೆ, ಎರಡು ಬೆರಳು. "ಕೊಟ್ಟವನೂ ಹಿಂಗ, ತಗೊಂಡವನೂ ಹಿಂಗ. ನಾ ಹೊಟ್ಟಿಗಿ ಏನ್ ತಿನ್ಲಿ?" ಎಂದು ಗೊಣಗಿ, ಟವೆಲ್ ಬಿಡಿಸಿದ. "ಸಂಗಣ್ಣ, ಕೈ ತಗಿ. ಒಂದು ಕೈ ಸಾಕು."

ಸಂಗಮನಾಥ ಬಲಗೈ ಹೊರತೆಗೆದು ಚಾಚಿದ. ಈ ಸಲದ ಕೈ ಯಾವ ಚಾನೆಲ್ಲಿನದೂ ಅಲ್ಲ. ಟವೆಲ್ ಬಿತ್ತು. ಅವನು ಕಣ್ಣು ಮುಚ್ಚಲಿಲ್ಲ, ತಲೆ ಆಡಿಸಲಿಲ್ಲ, ಸುಮ್ಮನೆ ಹಿಡಿದುಕೊಂಡು ಕೂತ. ಲಿಂಗಣ್ಣ ಆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಆಮೇಲೆ ಎರಡೇ ಬೆರಳು ಹಿಡಿದ. ಕೊಂಡ ಬೆಲೆಗೇ ವಾಪಸ್ಸು. ಸಂಗಮನಾಥ ಅದುಮಿದ.

"ಮುಗೀತು" ಎಂದ ಮಸ್ತಾನಸಾಬ.

ಜೇಬಿನ ನೋಟು ಮುಟ್ಟದ ಹಾಗೇ ಇದ್ದವು, ಹಾಗೇ ತಿರುಗಿ ಹೋದವು. ಸಂಗಮನಾಥ ಹೆಗಲ ಮೇಲೆ ತಂದಿದ್ದ ತನ್ನ ಹಳೇ ಹಗ್ಗ ಎಮ್ಮೆಗೆ ಹಾಕಿದ. ಲಿಂಗಣ್ಣ ತನ್ನ ಹೊಸ ಹಗ್ಗ ಬಿಚ್ಚಿ ಸುರುಳಿ ಸುತ್ತಿ ಗೂಟಕ್ಕೆ ನೇತುಹಾಕಿದ. ಮರಿಲಿಂಗಮ್ಮ ಮಾತ್ರ ಎದ್ದಿರಲಿಲ್ಲ. ಕೈಯಲ್ಲಿ ಉಳಿದ ಮೇವನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದಳು. ಅದನ್ನು ನೋಡಿ ಸಂಗಮನಾಥನಿಗೆ ನಿಜವಾಗಿಯೂ ದುಃಖವಾಯಿತು. ಎಷ್ಟು ದುಃಖವಾಯಿತೆಂದರೆ ಕೈ ತಾನಾಗಿ ಎದೆಯ ಕಡೆ ಎದ್ದಿತು.

"ಕೈ ಕೆಳಗ" ಎಂದಳು ನಾಗರತ್ನಾ.

ಅವನನ್ನು ದಾಟಿ ಅವಳೇ ಹೋಗಿ ಮರಿಲಿಂಗಮ್ಮನ ಪಕ್ಕ ಕೂತಳು. ಆಕೆಯ ಕೈ ಹಿಡಿದು, ಮೇಲೆ ತನ್ನ ಸೆರಗು ಹಾಕಿದಳು. ಸೆರಗಿನ ಕೆಳಗೆ ಏನೋ ನಡೆಯಿತು. ಮರಿಲಿಂಗಮ್ಮ ತಲೆ ಎತ್ತಿ ನಾಗರತ್ನಾಳ ಮುಖವನ್ನು ನೋಡಿದಳು, ನಂಬದವಳ ಹಾಗೆ. ಆಮೇಲೆ ಕಣ್ಣೊರೆಸಿಕೊಂಡು, ಉಳಿದ ಮೇವನ್ನು ಎಮ್ಮೆಗೆ ತಿನಿಸಿ, ಚಹಾಕ್ಕೆ ಇಡಲು ಒಳಗೆ ಹೋದಳು. ಮಸ್ತಾನಸಾಬ ಮುಖ ಬೇರೆ ಕಡೆ ತಿರುಗಿಸಿದ. "ಹೆಣ್ಣಮಕ್ಕಳ ಸೌದಾ. ನಾ ನೋಡಿಲ್ಲಪ್ಪ" ಎಂದ.

ವಾಪಸ್ಸು ಬರುವಾಗ ಗೂಡ್ಸ್ ಗಾಡಿಯಲ್ಲಿ ಎಮ್ಮೆಯ ಪಕ್ಕ ನಿಂತು ಸಂಗಮನಾಥ ದಾರಿಯುದ್ದಕ್ಕೂ ಕೇಳಿದ.

"ಏನ್ ಮಾತಾಡ್ಕೊಂಡ್ರಿ?"

ನಾಗರತ್ನಾ ಅವನನ್ನು ಒಂದು ಸಲ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ, ದೂರದ ಹತ್ತಿ ಹೊಲ ನೋಡುತ್ತ ನಿಂತಳು. ಊರು ಬರುವವರೆಗೆ ಹಾಗೇ ನಿಂತಿದ್ದಳು.

ಅವನಿಗೆ ತಿಳಿದದ್ದು ಬಹಳ ತಿಂಗಳ ಮೇಲೆ. ಎಮ್ಮೆ ಹೆಣ್ಣು ಕರು ಹಾಕಿತ್ತು, ಕರು ಹಾಲು ಬಿಟ್ಟು ಮೇವು ಮುಟ್ಟುತ್ತಿತ್ತು. ಒಂದು ದಿನ ಗಿರಣಿ ಭರಾಟೆಯಲ್ಲಿ ಓಡುತ್ತಿದ್ದಾಗ ಬಾಗಿಲಲ್ಲಿ ಮರಿಲಿಂಗಮ್ಮ ಬಂದು ನಿಂತಳು. ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲವೆಂದು ಕೈಯಲ್ಲಿದ್ದ ಹಗ್ಗ ಎತ್ತಿ ತೋರಿಸಿದಳು. ಅದೇ ಹೊಸ ಹಗ್ಗ, ಗೂಟಕ್ಕೆ ನೇತುಹಾಕಿದ್ದು. ಅಷ್ಟರಲ್ಲಿ ಹಿತ್ತಲಿಂದ ನಾಗರತ್ನಾ ಆ ಕರುವನ್ನು ಹಿಡಿದುಕೊಂಡು ಬಂದಳು, ಬರುವವರನ್ನು ಕಾಯುತ್ತಿದ್ದವಳ ಹಾಗೆ. ಸೆರಗಿನ ಕೆಳಗೆ ಅವಳು ಅಂದು ಕೊಟ್ಟ ಮಾತು ಈ ಕರು.

ಸಂಗಮನಾಥನ ಎರಡೂ ಕೈ ಮೇಲೇಳಲು ಹೊರಟವು. ಅವನು ಅವನ್ನು ತಡೆದು, ತಿರುಗಿ, ಗಿರಣಿಯ ಸ್ವಿಚ್ ಆರಿಸಿದ. ಬೆಲ್ಟು ನಿಧಾನವಾಗಿ ನಿಂತಿತು.

"ತಗೊಂಡು ಹೋಗ್ರಿ ಅಕ್ಕಾ" ಎಂದ, ಎಲ್ಲರಿಗೂ ಕೇಳುವ ಹಾಗೆ. "ಅವತ್ತು ನಿಮ್ಮ ಮನಿಯವರ ಕೈ ಹಿಡಿದಾಗ ನನಗ ದುಃಖ ಇದ್ದಿಲ್ರಿ. ಈಗ ಅದ."

ಜೋಳದ ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತಿದ್ದ ಹೆಂಗಸರು ಕರೆಂಟು ಹೋಯಿತೆಂದು ಬೈಯುತ್ತ ಎದ್ದರು.